ಕಾಲಿಗೆ ಇಳಿದ ಸೊಂಟನೋವು: ಕೈರೋಪ್ರಾಕ್ಟಿಕ್ ಚಿಕಿತ್ಸೆಗೆ 24 ಸಲ ಬರಲು ಹೇಳಿದ್ದಾರೆ, ಹೋಗಬಹುದೇ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು 43. ಗೌರಿ ಹಬ್ಬದ ಮುಂಚೆ ಅಟ್ಟದಿಂದ ತಾಮ್ರದ ಹಂಡೆ ಇಳಿಸುವಾಗ ಸೊಂಟ ಹಿಡಿದುಕೊಂಡಿತು. ನಾಲ್ಕು ದಿನದಲ್ಲಿ ಸೊಂಟದ ನೋವು ತಗ್ಗಿತು, ಆದರೆ ಅದು ಬಲಗಾಲಿಗೆ ಇಳಿಯಿತು. ಪೃಷ್ಠದಿಂದ ತೊಡೆಯ ಹಿಂಬದಿ, ಮೀನಖಂಡ, ಅಲ್ಲಿಂದ ಪಾದದ ಹೊರ ಅಂಚು. ಕಿರುಬೆರಳಿನಲ್ಲಿ ಸದಾ ಜೋಮು. ಕೆಮ್ಮಿದರೆ ಕಾಲಿನ ತುದಿಯವರೆಗೂ ಮಿಂಚು ಹೊಡೆದಂತಾಗುತ್ತದೆ. ಇಂದಿಗೆ ಏಳು ವಾರ.

ಎಂಆರ್‌ಐ ಮಾಡಿಸಿದೆವು. ‘ಎಲ್5–ಎಸ್1 ಡಿಸ್ಕ್ ಹೊರಚಾಚಿದೆ’ ಎಂದು ಬರೆದಿದ್ದಾರೆ, ಅಂದರೆ ಸೊಂಟದ ಕೊನೆಯ ಮೂಳೆಗೂ ಅದರ ಕೆಳಗಿನ ಮೂಳೆಗೂ ನಡುವಿನ ಮೆತ್ತೆ ಹೊರಬಂದಿದೆಯಂತೆ. ಮೂಳೆ ವೈದ್ಯರು ಈಗಲೇ ಶಸ್ತ್ರಚಿಕಿತ್ಸೆ ಬೇಡ ಎಂದು ಮಾತ್ರೆ ಕೊಟ್ಟರು. ನನ್ನ ತಮ್ಮ ನನ್ನನ್ನು ಬೆಂಗಳೂರಿನ ಒಂದು ಕೈರೋಪ್ರಾಕ್ಟಿಕ್ ಕೇಂದ್ರಕ್ಕೆ, ಅಂದರೆ ಬೆನ್ನು, ಕುತ್ತಿಗೆಯ ಕೀಲುಗಳನ್ನು ಕೈಯಿಂದ ಒತ್ತಿ ತಿರುಗಿಸಿ ಚಿಕಿತ್ಸೆ ಮಾಡುವಲ್ಲಿಗೆ, ಕರೆದುಕೊಂಡು ಹೋದ. ಅಲ್ಲಿ ನನ್ನನ್ನು ಮುಟ್ಟಿ ನೋಡುವ ಮೊದಲೇ ಎಂಆರ್‌ಐ ಚಿತ್ರವನ್ನು ಬೆಳಕಿಗೆ ಹಿಡಿದು, ‘ಡಿಸ್ಕನ್ನು ಒಳಗೆ ಕೂರಿಸುತ್ತೇವೆ, 24 ಸಲ ಬರಬೇಕು, ಹಣ ಮುಂಗಡ’ ಎಂದರು. ಅತ್ತೆಯವರು ಊರಿನಲ್ಲಿ ಉಳುಕು ತೆಗೆಯುವವರ ಬಳಿ ಹೋಗೋಣ ಎನ್ನುತ್ತಿದ್ದಾರೆ. ಹಣಕ್ಕಿಂತ ಹೆಚ್ಚಾಗಿ ನನಗಿರುವುದು ಭಯ. ಕಾಲು ಕಳೆದುಕೊಳ್ಳುತ್ತೇನೆಯೇ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ.

ಕಾವೇರಿ ಮಡಿಲು (ಮೈಸೂರು)

ಅಕ್ಕ, ಧೈರ್ಯವಾಗಿರಿ. ನನಗೆ ಬೈಕ್ ಪ್ರಯಾಣದಿಂದ ಸೊಂಟ ಹಿಡಿದು ಮೂರು ವಾರ ನರಳಿದ್ದೆ. ಕೈರೋಪ್ರಾಕ್ಟರ್ ಒಬ್ಬರು ಒಂದು ಪಕ್ಕಕ್ಕೆ ಮಲಗಿಸಿ ತಿರುಗಿಸಿದರು, ‘ಲಟಕ್’ ಎಂದಿತು, ಎದ್ದು ನಿಂತಾಗ ಅರ್ಧ ಭಾರ ಇಳಿದಿತ್ತು. ನಾಲ್ಕು ಸಲ ಹೋದೆ, ಸರಿಯಾಯಿತು. ಸುಮ್ಮನೆ ದೂರುವವರ ಮಾತು ಕೇಳಬೇಡಿ.

ಬಯಲುಸೀಮೆ (ಚಿತ್ರದುರ್ಗ)

ನನಗೂ ಹಾಗೆಯೇ ಗುಣವಾಯಿತು. ಆದರೆ ನನಗೆ ಕಾಲಿಗೆ ನೋವು ಇಳಿದಿರಲಿಲ್ಲ.

ಕೀಲುಬಂಧ (ಹುಬ್ಬಳ್ಳಿ)

ಬಯಲುಸೀಮೆಯವರ ಎರಡನೆಯ ವಾಕ್ಯವೇ ಇಲ್ಲಿ ಮುಖ್ಯ. ನಾನು ಫಿಸಿಯೋಥೆರಪಿಸ್ಟ್, 19 ವರ್ಷದಿಂದ ಬೆನ್ನು, ಕುತ್ತಿಗೆಗಳನ್ನೇ ನೋಡುತ್ತಿದ್ದೇನೆ. ಸೊಂಟದಲ್ಲೇ ಉಳಿಯುವ ನೋವು ಬೇರೆ, ಮಂಡಿ ದಾಟಿ ಪಾದಕ್ಕೆ ಇಳಿಯುವ ನೋವು ಬೇರೆ. ಮೊದಲನೆಯದರಲ್ಲಿ ಬಹುಪಾಲು ಸಲ ಇಂಥದೇ ಅಂಗಾಂಶದ ತಪ್ಪು ಎಂದು ಬೆರಳಿಟ್ಟು ತೋರಿಸಲು ಯಾರಿಗೂ ಆಗುವುದಿಲ್ಲ. ಹೆಚ್ಚಿನವರಲ್ಲಿ ವಾರಗಳಲ್ಲಿ ಇಳಿಯುತ್ತದೆ. ಎರಡನೆಯದರಲ್ಲಿ ನರದ ಬೇರು ಕೆರಳಿದೆ. ಮೇಡಂ, ನೀವು ಹೇಳಿದ ದಾರಿ, ಅಂದರೆ ಮೀನಖಂಡ, ಪಾದದ ಹೊರ ಅಂಚು, ಕಿರುಬೆರಳು, ಆ ಡಿಸ್ಕಿನ ಪಕ್ಕದಲ್ಲೇ ಹಾದುಹೋಗುವ ಎಸ್1 ನರದ ಬೇರಿನ ದಾರಿ. ನಿಮ್ಮ ಮಾತಿಗೂ ಎಂಆರ್‌ಐ ವರದಿಗೂ ತಾಳೆ ಇದೆ. ಹೀಗೆ ತಾಳೆಯಾದಾಗ ಮಾತ್ರ ಎಂಆರ್‌ಐಗೆ ಬೆಲೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೆನ್ನುನೋವೇ ಇಲ್ಲದ 3110 ಜನರ ಸ್ಕ್ಯಾನ್ ವರದಿಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದಿದೆ. 20ರ ವಯಸ್ಸಿನವರಲ್ಲೇ ಶೇ 30ರಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. 80ರವರಲ್ಲಿ ಶೇ 84. ಅವರಿಗೆ ಯಾವ ನೋವೂ ಇರಲಿಲ್ಲ. ಮುಖದ ಸುಕ್ಕಿನಂತೆ ಬೆನ್ನಿನೊಳಗೂ ವಯಸ್ಸು ಬರೆಯುತ್ತದೆ. ಆ ಬರಹವನ್ನು ತೋರಿಸಿ ಜನರನ್ನು ಹೆದರಿಸುವುದು ನನಗೆ ಸಹಿಸಲಾಗದ ಸಂಗತಿ.

ಆದ್ದರಿಂದ ಕೇಳುತ್ತೇನೆ: ಆ ಕೇಂದ್ರದಲ್ಲಿ ನಿಮ್ಮನ್ನು ಅಂಗಾತ ಮಲಗಿಸಿ, ಮಂಡಿ ಮಡಚದೆ ಕಾಲನ್ನು ನಿಧಾನವಾಗಿ ಎತ್ತಿದರೇ? ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರೇ? ತುದಿಗಾಲಿನಲ್ಲಿ ನಡೆಸಿದರೇ? ಹತ್ತಿ ಮತ್ತು ಸೂಜಿಯಿಂದ ಎರಡೂ ಪಾದಗಳ ಸ್ಪರ್ಶ ಹೋಲಿಸಿದರೇ?

ಇನ್ನೊಂದು ಪ್ರಶ್ನೆ, ಸಂಕೋಚವಿಲ್ಲದೆ ಉತ್ತರಿಸಿ. ಮೂತ್ರ ಕಟ್ಟುವುದು, ಬಂದದ್ದು ಗೊತ್ತಾಗದಿರುವುದು, ಮಲದ ಮೇಲೆ ಹತೋಟಿ ತಪ್ಪುವುದು, ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಮರಗಟ್ಟುವುದು, ಎರಡೂ ಕಾಲು ಸೋಲುವುದು, ಇವುಗಳಲ್ಲಿ ಯಾವುದಾದರೂ ಒಂದಿದೆಯೇ? ಇದ್ದರೆ ಈ ಚರ್ಚೆಯನ್ನು ಇಲ್ಲಿಗೇ ಬಿಟ್ಟು ಈಗಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬೆನ್ನುಹುರಿಯ ಕೆಳತುದಿಯ ನರಗಳ ಗೊಂಚಲು ಒತ್ತಿಹೋದಾಗ ಗಂಟೆಗಳ ಲೆಕ್ಕ.

ತುಂಗಾತೀರ (ಶಿವಮೊಗ್ಗ)

ಅಂಥದ್ದು ಏನೂ ಇಲ್ಲ. ನೀವು ಹೇಳಿದ ಪರೀಕ್ಷೆಗಳಲ್ಲಿ ಒಂದನ್ನೂ ಆ ಕೇಂದ್ರದಲ್ಲಿ ಮಾಡಲಿಲ್ಲ. ನಿಮ್ಮ ಬರಹ ಓದಿ ಗೋಡೆ ಹಿಡಿದು ಬಲಗಾಲಿನ ತುದಿಯ ಮೇಲೆ ಏಳಲು ಯತ್ನಿಸಿದೆ. ಎಡಗಾಲಿನಲ್ಲಿ ಹತ್ತು ಸಲ ಆಯಿತು. ಬಲಗಾಲಿನಲ್ಲಿ ಮೂರನೆಯದಕ್ಕೆ ಹಿಮ್ಮಡಿ ಕುಸಿಯಿತು. ಇದು ನನಗೆ ತಿಳಿದೇ ಇರಲಿಲ್ಲ.

ಕೀಲುಬಂಧ (ಹುಬ್ಬಳ್ಳಿ)

ಹಾಗಾದರೆ ಮೀನಖಂಡದ ಬಲ ಸ್ವಲ್ಪ ಕುಂದಿದೆ. ಹೆದರಬೇಡಿ, ಆದರೆ ಇದನ್ನು ಯಾರಾದರೂ ಅಳೆದು ಬರೆದಿಡಬೇಕು. ಬರುವ ವಾರ ಅದೇ ಪರೀಕ್ಷೆ ಮಾಡಿದಾಗ ಮೂರು ಎರಡಾಗಿದೆಯೋ ಐದಾಗಿದೆಯೋ ಎಂಬುದರ ಮೇಲೆ ಮುಂದಿನ ತೀರ್ಮಾನ ನಿಂತಿದೆ. ನಿಮ್ಮ ಮೂಳೆ ವೈದ್ಯರಿಗೆ ಈ ಸಂಗತಿಯನ್ನು ನಾಳೆಯೇ ತಿಳಿಸಿ.

ದೂರದ ಮಳೆ (ಮೆಲ್ಬರ್ನ್)

ನಾನು ಹಾಸನ ಜಿಲ್ಲೆಯವನು, ಇಲ್ಲಿ ಐದು ವರ್ಷ ಓದಿ ನೋಂದಾಯಿತ ಕೈರೋಪ್ರಾಕ್ಟರ್ ಆಗಿದ್ದೇನೆ. ನನ್ನ ವೃತ್ತಿಯ ಹೆಸರಿನಲ್ಲಿ ನಿಮ್ಮನ್ನು ಮುಟ್ಟದೆಯೇ 24 ಸಲದ ಲೆಕ್ಕ ಹೇಳಿದ್ದು ಓದಿ ನೋವಾಯಿತು. ಉದ್ದವಾಗಿ ಬರೆಯುತ್ತೇನೆ, ಕ್ಷಮಿಸಿ.

ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಪಟ್ಟಣದಲ್ಲಿ, 1895ರಲ್ಲಿ. ಡಿ. ಡಿ. ಪಾಮರ್ ಎಂಬಾತ ಹಾರ್ವೆ ಲಿಲಾರ್ಡ್ ಎಂಬ ಕಿವುಡ ಕೆಲಸಗಾರನ ಬೆನ್ನಿನ ಉಬ್ಬನ್ನು ಒತ್ತಿದಾಗ ಕಿವಿ ಕೇಳಿಸಿತು ಎಂಬುದು ಮೂಲ ಕಥೆ. ಅಲ್ಲಿಂದ ಪಾಮರ್ ಕಟ್ಟಿದ ಸಿದ್ಧಾಂತ: ಬೆನ್ನಿನ ಮೂಳೆಗಳು ಜಾಗ ತಪ್ಪಿ ನರವನ್ನು ಒತ್ತುವುದೇ ಬಹುಪಾಲು ರೋಗಗಳಿಗೆ ಕಾರಣ. ಅದಕ್ಕೆ ‘ಸಬ್‌ಲಕ್ಸೇಶನ್’ ಎಂದು ಹೆಸರು. ಆ ಸಿದ್ಧಾಂತ ನಿಂತಿಲ್ಲ. ಬ್ರಿಟನ್ನಿನಲ್ಲಿ ಕೈರೋಪ್ರಾಕ್ಟರುಗಳನ್ನು ನಿಯಂತ್ರಿಸುವ ಮಂಡಳಿಯೇ 2010ರಲ್ಲಿ ಇದು ಚಾರಿತ್ರಿಕ ಪರಿಕಲ್ಪನೆ ಮಾತ್ರ, ರೋಗಕ್ಕೆ ಕಾರಣ ಎನ್ನಲು ಸಂಶೋಧನೆಯ ಆಧಾರ ಇಲ್ಲ ಎಂದು ಹೇಳಿತು. ಆದರೂ ನಮ್ಮವರಲ್ಲಿ ಅದನ್ನು ಬಿಡದವರು ಇದ್ದಾರೆ. ನಾನು ಬಿಟ್ಟಿದ್ದೇನೆ.

ಹಾಗಾದರೆ ‘ಲಟಕ್’ ಶಬ್ದ ಎಲ್ಲಿಯದು? ಮೂಳೆ ಜಾಗಕ್ಕೆ ಕುಳಿತ ಶಬ್ದ ಅಲ್ಲ. ಕೀಲಿನ ಎರಡು ಮೇಲ್ಮೈಗಳು ಥಟ್ಟನೆ ಬೇರೆಯಾದಾಗ ಒಳಗಿನ ದ್ರವದಲ್ಲಿ ಅನಿಲದ ಪೊಳ್ಳು ಮೂಡುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳಿನ ಕೀಲನ್ನು ಎಳೆಯುತ್ತಲೇ ಎಂಆರ್‌ಐ ತೆಗೆದು 2015ರಲ್ಲಿ ಇದನ್ನು ತೋರಿಸಿದರು. ನಟಿಕೆ ಮುರಿದ ಬೆರಳು ತಕ್ಷಣ ಮತ್ತೆ ನಟಿಕೆ ಕೊಡುವುದಿಲ್ಲವಲ್ಲ, ಅದೂ ಇದಕ್ಕೇ. ಶಬ್ದ ಬಂದರೂ ಬಾರದಿದ್ದರೂ ನೋವಿನ ಫಲಿತಾಂಶ ಬದಲಾಗುವುದಿಲ್ಲ.

ಆದರೂ ಕಾವೇರಿ ಮಡಿಲು ಅವರ ಅನುಭವ ಸುಳ್ಳಲ್ಲ. ಕೈಚಿಕಿತ್ಸೆ ಬಿಗಿದ ಸ್ನಾಯುವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ, ನೋವಿನ ಸಂಕೇತವನ್ನು ತಗ್ಗಿಸುತ್ತದೆ, ಚಲಿಸುವ ಭಯವನ್ನು ಬಿಡಿಸುತ್ತದೆ. ಪ್ರಮಾಣ ಎಷ್ಟು? ದೀರ್ಘಕಾಲದ ಸೊಂಟನೋವಿನ ಬಗ್ಗೆ 47 ಪ್ರಯೋಗಗಳ, 9211 ರೋಗಿಗಳ ವಿಮರ್ಶೆ 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ವ್ಯಾಯಾಮದಂಥ ಶಿಫಾರಸು ಮಾಡಿದ ಚಿಕಿತ್ಸೆಗಳಷ್ಟೇ ಫಲ, ಅದಕ್ಕಿಂತ ಹೆಚ್ಚಲ್ಲ. ಈಚೆಗೆ ಶುರುವಾದ ಸೊಂಟನೋವಿನ ಬಗ್ಗೆ 2017ರ ವಿಮರ್ಶೆಯಲ್ಲಿ ನೂರು ಅಂಕಗಳ ನೋವಿನ ಅಳತೆಯಲ್ಲಿ ಹತ್ತರಷ್ಟು ಇಳಿಕೆ ಕಂಡಿತ್ತು. 2007ರ ಒಂದು ಆಸ್ಟ್ರೇಲಿಯಾದ ಪ್ರಯೋಗದಲ್ಲಿ 240 ಜನರಿಗೆ ಒಳ್ಳೆಯ ಸಲಹೆ ಮತ್ತು ಪ್ಯಾರಸಿಟಮಾಲ್ ಜೊತೆಗೆ ಕೈಚಿಕಿತ್ಸೆ ಸೇರಿಸಿದಾಗ ಚೇತರಿಕೆ ಬೇಗ ಆಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಕೊಟ್ಟಿತು: ತಿಳಿವಳಿಕೆ, ವ್ಯಾಯಾಮ, ಜೊತೆಗೆ ಬೆನ್ನಿನ ಕೈಚಿಕಿತ್ಸೆ, ಮಸಾಜ್ ಪರಿಗಣಿಸಬಹುದು; ಸೊಂಟಪಟ್ಟಿ, ಎಳೆತದ ಯಂತ್ರ, ಅಫೀಮು ಮೂಲದ ನೋವು ನಿವಾರಕಗಳು ವಾಡಿಕೆಗೆ ಬೇಡ. ನನ್ನ ಕೈಯ ಕೆಲಸಕ್ಕೆ ಇಷ್ಟು ಗೌರವ ಸಾಕು. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ಈಗ ನಿಮ್ಮ ಡಿಸ್ಕಿನ ಮಾತು. ಹೊರಚಾಚಿದ ಡಿಸ್ಕನ್ನು ಯಾರ ಹೆಬ್ಬೆರಳೂ ಒಳಗೆ ಕೂರಿಸಲಾರದು. ಆದರೆ ಸಂತೋಷದ ಸಂಗತಿ, ದೇಹವೇ ಅದನ್ನು ಕರಗಿಸುತ್ತದೆ. ಹೊರಬಂದ ತುಣುಕನ್ನು ರಕ್ತದ ಜೀವಕೋಶಗಳು ಪರಕೀಯವೆಂದು ಗುರುತಿಸಿ ಮೆಲ್ಲಗೆ ತಿಂದುಹಾಕುತ್ತವೆ. ವಿಚಿತ್ರವೆಂದರೆ ಪೂರ್ತಿ ಕಳಚಿ ಬಿದ್ದ ದೊಡ್ಡ ತುಣುಕುಗಳೇ ಹೆಚ್ಚು ಸಲ ಕರಗುತ್ತವೆ. ನೆದರ್‌ಲೆಂಡ್ಸ್‌ನಲ್ಲಿ ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕಾ (ನಿಮ್ಮಂತೆ ಕಾಲಿಗೆ ಇಳಿಯುವ ನರದ ನೋವು) ಅನುಭವಿಸಿದ 283 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗ ಶಸ್ತ್ರಚಿಕಿತ್ಸೆ ಮಾಡಿದರು, ಇನ್ನೊಂದನ್ನು ಕಾಯಿಸಿದರು. ಶಸ್ತ್ರಚಿಕಿತ್ಸೆಯಾದವರ ನೋವು ಬೇಗ ಇಳಿಯಿತು. ಒಂದು ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ 95 ಜನ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನವರಲ್ಲಿ ಶೇ 39 ಜನ ನಡುವೆ ನೋವು ತಾಳದೆ ಶಸ್ತ್ರಚಿಕಿತ್ಸೆಗೆ ಹೋದರು ಎಂಬುದನ್ನೂ ಮುಚ್ಚಿಡುವುದಿಲ್ಲ. ಆ ದಾರಿ ಸೋಲಲ್ಲ.

ನಿಮ್ಮಂಥವರು ನನ್ನ ಬಳಿ ಬಂದರೆ ಮೊದಲ ಮುಕ್ಕಾಲು ಗಂಟೆ ಮಾತು ಮತ್ತು ಪರೀಕ್ಷೆ. ಬಲ ಕುಂದಿರುವ ಕಾಲಿನ ಕಡೆಗೆ ಸೊಂಟವನ್ನು ರಭಸದಿಂದ ತಿರುಗಿಸುವುದಿಲ್ಲ. ಯಾವ ಭಂಗಿಯಲ್ಲಿ ನೋವು ಪಾದದಿಂದ ಮೇಲಕ್ಕೆ ಸರಿಯುತ್ತದೆ ಎಂದು ಹುಡುಕುತ್ತೇನೆ, ಅದನ್ನೇ ಮನೆಪಾಠವಾಗಿ ಕೊಡುತ್ತೇನೆ. ನಾಲ್ಕರಿಂದ ಆರು ಭೇಟಿಗಳಲ್ಲಿ ಬದಲಾವಣೆ ಕಾಣದಿದ್ದರೆ ನನ್ನ ಕೈಯಿಂದ ಆಗದು ಎಂದು ಹೇಳಿ ಮುಂದಕ್ಕೆ ಕಳುಹಿಸುತ್ತೇನೆ. ಭೇಟಿಗಳ ಸಂಖ್ಯೆಯ ಬಗ್ಗೆಯೇ 400 ಸೊಂಟನೋವಿನ ರೋಗಿಗಳ ಪ್ರಯೋಗ 2014ರಲ್ಲಿ ಬಂದಿದೆ. ಹನ್ನೆರಡು ಭೇಟಿಯವರು ತುಸು ಮುಂದಿದ್ದರು, ಹದಿನೆಂಟಕ್ಕೆ ಏರಿಸಿದರೂ ಲಾಭ ಏರಲಿಲ್ಲ. ಮೊದಲ ದಿನವೇ 24 ಎಂದು ಹೇಳುವ ಆಧಾರ ಯಾರ ಬಳಿಯೂ ಇಲ್ಲ.

ಹೊಂಬೆಳಕು (ದಾವಣಗೆರೆ)

ಸರ್, ನನ್ನ ಮಗನ ಉಬ್ಬಸಕ್ಕೂ ಬೆನ್ನುಮೂಳೆ ಸರಿಪಡಿಸಿದರೆ ಗುಣವಾಗುತ್ತದೆ ಎನ್ನುತ್ತಾರೆ. ನಿಜವೇ?

ದೂರದ ಮಳೆ (ಮೆಲ್ಬರ್ನ್)

ಇಲ್ಲ. ಮಕ್ಕಳ ಉಬ್ಬಸದ ಮೇಲೆ ನಿಜವಾದ ಚಿಕಿತ್ಸೆಯನ್ನೂ ತೋರಿಕೆಯ ಚಿಕಿತ್ಸೆಯನ್ನೂ ಹೋಲಿಸಿದ ಪ್ರಯೋಗ 1998ರಲ್ಲೇ ಬಂದಿದೆ, ವ್ಯತ್ಯಾಸ ಕಾಣಲಿಲ್ಲ. ಇನ್‌ಹೇಲರ್ ನಿಲ್ಲಿಸಬೇಡಿ.

ಅಡಕೆತೋಟ (ಶಿರಸಿ)

ಸೊಂಟದ ಮಾತಾಯಿತು, ಕುತ್ತಿಗೆಯ ಬಗ್ಗೆ ಹೇಳಿ. ನಮ್ಮೂರಿನ ಕ್ಷೌರದಂಗಡಿಯಲ್ಲಿ ಕಟಿಂಗ್ ಮುಗಿದ ಮೇಲೆ ತಲೆ ಒತ್ತಿ, ಗದ್ದ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುವುದು ಅಪ್ಪನ ಕಾಲದಿಂದ ಇದೆ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗೆ ತಿರುಗಿಸಿದ ಮೇಲೆ ರಕ್ತನಾಳ ಹರಿದು ಪಾರ್ಶ್ವವಾಯು ಆಯಿತೆಂದು ಪತ್ರಿಕೆಯಲ್ಲಿ ಓದಿದಾಗಿನಿಂದ ಮನಸ್ಸು ಒಪ್ಪುತ್ತಿಲ್ಲ.

ಕೀಲುಬಂಧ (ಹುಬ್ಬಳ್ಳಿ)

ಮನಸ್ಸು ಒಪ್ಪದಿರುವುದೇ ಸರಿ. ಕುತ್ತಿಗೆಯ ಮೂಳೆಗಳ ರಂಧ್ರಗಳ ಮೂಲಕ ಎರಡು ರಕ್ತನಾಳಗಳು ಮಿದುಳಿಗೆ ಏರುತ್ತವೆ. ಮೇಲ್ಭಾಗದಲ್ಲಿ ತಲೆ ರಭಸದಿಂದ ತಿರುಗಿದರೆ ಅವು ಜಗ್ಗುತ್ತವೆ, ಅಪರೂಪಕ್ಕೆ ಒಳಪದರ ಸೀಳುತ್ತದೆ. ಬಳ್ಳಾರಿಯ ಪ್ರಕರಣದಲ್ಲಿ ಸೀಳಿದ್ದು ಕತ್ತಿನ ಮುಂಭಾಗದ ಕೆರೋಟಿಡ್ ನಾಳ.

ದೂರದ ಮಳೆ (ಮೆಲ್ಬರ್ನ್)

ಇದಕ್ಕೆ ಒಂದು ಮಾತು ಸೇರಿಸಲು ಬಿಡಿ. ಕೆನಡಾದ ಒಂಟಾರಿಯೊದಲ್ಲಿ ಒಂಬತ್ತು ವರ್ಷಗಳ ದಾಖಲೆ ತೆಗೆದು ಮೂಳೆಗಳ ರಂಧ್ರದ ಮೂಲಕ ಏರುವ ಆ ನಾಳಗಳಿಗೆ ಸಂಬಂಧಿಸಿದ 818 ಪಾರ್ಶ್ವವಾಯು ಪ್ರಕರಣಗಳನ್ನು ನೋಡಿದರು. ಕಿರಿಯ ವಯಸ್ಸಿನವರಲ್ಲಿ ಕೈರೋಪ್ರಾಕ್ಟರ್ ಭೇಟಿಗೂ ಪಾರ್ಶ್ವವಾಯುವಿಗೂ ನಂಟು ಕಂಡಿತು; ಸಾಮಾನ್ಯ ವೈದ್ಯರ ಭೇಟಿಗೂ ಅಂಥದೇ ನಂಟು ಕಂಡಿತು. ಅಂದರೆ ರಕ್ತನಾಳ ಆಗಲೇ ಸೀಳಲು ಶುರುವಾಗಿ, ಆ ಕುತ್ತಿಗೆನೋವಿಗೇ ಕೆಲವರು ಚಿಕಿತ್ಸೆ ಹುಡುಕಿ ಬಂದಿರಬಹುದು.

ಕೀಲುಬಂಧ (ಹುಬ್ಬಳ್ಳಿ)

ಅದನ್ನು ಒಪ್ಪುತ್ತೇನೆ. ಆದರೆ ಅದರಿಂದ ಅಪಾಯ ಇಲ್ಲವೆಂದು ಸಾಬೀತಾಗುವುದಿಲ್ಲ. ಸೀಳುತ್ತಿರುವ ನಾಳದ ಮೇಲೆ ಕುತ್ತಿಗೆ ತಿರುಗಿಸುವುದು ಇನ್ನೂ ಕೆಟ್ಟದ್ದಲ್ಲವೇ? ಕುತ್ತಿಗೆನೋವಿಗೆ ಕೈಚಿಕಿತ್ಸೆ ಮತ್ತು ಮನೆಯಲ್ಲಿ ಮಾಡುವ ಸರಳ ವ್ಯಾಯಾಮವನ್ನು 272 ಜನರಲ್ಲಿ ಹೋಲಿಸಿದ 2012ರ ಪ್ರಯೋಗದಲ್ಲಿ ಎರಡೂ ಮಾತ್ರೆಗಿಂತ ಮುಂದಿದ್ದವು, ಒಂದಕ್ಕೊಂದು ಹೆಚ್ಚುಕಡಿಮೆ ಸಮ. ಅಪಾಯ ಎಷ್ಟೇ ಅಪರೂಪವಾಗಲಿ, ವ್ಯಾಯಾಮದಿಂದಲೇ ಆಗುವ ಕೆಲಸಕ್ಕೆ ಅದನ್ನು ಏಕೆ ಹೊರಬೇಕು?

ದೂರದ ಮಳೆ (ಮೆಲ್ಬರ್ನ್)

ಇದರಲ್ಲಿ ನಾನು ನಿಮ್ಮ ಕಡೆಗೇ ಬರುತ್ತೇನೆ. ಕುತ್ತಿಗೆಯ ಮೇಲ್ಭಾಗವನ್ನು ರಭಸದಿಂದ ತಿರುಗಿಸುವುದನ್ನು ನಾನೂ ಬಹುತೇಕ ನಿಲ್ಲಿಸಿದ್ದೇನೆ. ಎಂದೂ ಕಾಣದಂಥ ಕುತ್ತಿಗೆನೋವು ಅಥವಾ ತಲೆನೋವು ಹಠಾತ್ತನೆ ಬಂದು, ಜೊತೆಗೆ ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ನಡಿಗೆ ತೂರಾಡುವುದು, ಇವುಗಳಲ್ಲಿ ಒಂದಿದ್ದರೂ ಆ ಕುತ್ತಿಗೆಯನ್ನು ಯಾರೂ ಮುಟ್ಟಬಾರದು. ನೇರ ಆಸ್ಪತ್ರೆ.

ನೇತ್ರಾವತಿ ಮಗಳು (ಬಂಟ್ವಾಳ)

ನಮ್ಮಮ್ಮ ಮೂವತ್ತು ವರ್ಷದಿಂದ ಬೀಡಿ ಕಟ್ಟುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದು ಕೈ ಕೊಡವುತ್ತಾ ಕೂರುತ್ತಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟುತ್ತವೆಯಂತೆ. ‘ಕುತ್ತಿಗೆಯಲ್ಲಿ ನರದ ಮೇಲೆ ನರ ಏರಿದೆ, ಕುತ್ತಿಗೆ ತಿರುಗಿಸಿ ಸರಿಮಾಡುತ್ತೇನೆ’ ಎಂದು ಒಬ್ಬರು ಹೇಳಿದ್ದಾರೆ. ಮೇಲಿನದನ್ನೆಲ್ಲ ಓದಿ ಹೆದರಿಕೆಯಾಗಿದೆ.

ತಾಲ್ಲೂಕು ವೈದ್ಯೆ (ಯಾದಗಿರಿ)

ದಯವಿಟ್ಟು ಕುತ್ತಿಗೆ ತಿರುಗಿಸಲು ಬಿಡಬೇಡಿ. ನೀವು ಬರೆದ ಮೂರು ಬೆರಳುಗಳೂ ಕೈ ಕೊಡವುವುದೂ ಮಣಿಕಟ್ಟಿನ ಕಡೆ ಬೆರಳು ತೋರಿಸುತ್ತಿವೆ. ಮಣಿಕಟ್ಟಿನ ಕಿರಿದಾದ ಸುರಂಗದಲ್ಲಿ ಮೀಡಿಯನ್ ನರ ಒತ್ತಿಹೋಗುವ ಕಾಯಿಲೆ ಇದು, ಕಾರ್ಪಲ್ ಟನಲ್ ಎನ್ನುತ್ತಾರೆ. ಕುತ್ತಿಗೆಯಿಂದ ಬಂದದ್ದಾದರೆ ಸಾಮಾನ್ಯವಾಗಿ ಭುಜ, ತೋಳಿನ ಉದ್ದಕ್ಕೂ ನೋವು ಹರಿಯುತ್ತದೆ, ತಲೆಯನ್ನು ಆ ಬದಿಗೆ ವಾಲಿಸಿ ಒತ್ತಿದರೆ ಹೆಚ್ಚಾಗುತ್ತದೆ. ಮಣಿಕಟ್ಟಿನದಾದರೆ ಎರಡೂ ಮಣಿಕಟ್ಟುಗಳನ್ನು ಪೂರ್ತಿ ಬಗ್ಗಿಸಿ, ಅಂಗೈ ಹಿಂಬದಿಗಳನ್ನು ಒಂದಕ್ಕೊಂದು ಒತ್ತಿ ಒಂದು ನಿಮಿಷ ಹಿಡಿದರೆ ಅದೇ ಜೋಮು ಮರಳುತ್ತದೆ. ಹೆಬ್ಬೆರಳಿನ ಬುಡದ ದಿಂಡು ಸವೆದಿದೆಯೇ ನೋಡಿ. ಸವೆದಿದ್ದರೆ ತಡಮಾಡಬಾರದು.

ಸವೆದಿಲ್ಲದಿದ್ದರೆ ರಾತ್ರಿ ಮಣಿಕಟ್ಟನ್ನು ನೇರವಾಗಿ ಹಿಡಿಯುವ ಪಟ್ಟಿಯಿಂದ ಶುರುಮಾಡಿ. ಬ್ರಿಟನ್ನಿನಲ್ಲಿ 234 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಸ್ಟೀರಾಯ್ಡ್ ಚುಚ್ಚುಮದ್ದು ಆರು ವಾರದ ಹೊತ್ತಿಗೆ ಪಟ್ಟಿಗಿಂತ ಚೆನ್ನಾಗಿ ಕೆಲಸ ಮಾಡಿತು, ಅದೂ ಕೈಯಲ್ಲಿರುವ ದಾರಿ. ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ, ಇವೆರಡೂ ಈ ಕಾಯಿಲೆಗೆ ಜೊತೆಗಾರರು.

ಇದೇ ಮಾತಿನ ಜೊತೆ ಎಲ್ಲರಿಗೂ ಒಂದು ಕೋರಿಕೆ. ಎರಡೂ ಪಾದಗಳು ಸಮವಾಗಿ ಉರಿಯುತ್ತಿದ್ದರೆ, ಕಾಲುಚೀಲ ಹಾಕಿದಂತೆ ಮರಗಟ್ಟಿದ್ದರೆ, ಅದನ್ನು ಬೆನ್ನಿನ ನರ ಎಂದು ಒತ್ತಿಸಿಕೊಳ್ಳುವ ಮೊದಲು ರಕ್ತದ ಸಕ್ಕರೆ, ವಿಟಮಿನ್ ಬಿ12 ನೋಡಿಸಿ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯನ್ನು ನಾನು ಪ್ರತಿ ವಾರ ಕಾಣುತ್ತೇನೆ. ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ನೆನಪಿಡಿ. ಹೋದ ವರ್ಷ ಹತ್ತಿ ಬಿಡಿಸುವ ಹೆಣ್ಣುಮಗಳೊಬ್ಬಳು ಆರು ತಿಂಗಳು ಬೆನ್ನು ತುಳಿಸಿಕೊಂಡು ನನ್ನ ಬಳಿ ಬಂದಳು. ಆ ಹೊತ್ತಿಗೆ ಎರಡು ಮೂಳೆಗಳನ್ನು ಕ್ಷಯ ತಿಂದಿತ್ತು. ಔಷಧದಿಂದ ಈಗ ನಡೆಯುತ್ತಾಳೆ, ಆದರೆ ಬೆನ್ನು ಗೂನಾಗಿದೆ. ಮೊದಲ ತಿಂಗಳಲ್ಲಿ ಯಾರಾದರೂ ‘ಜ್ವರ ಬರುತ್ತದೆಯೇ’ ಎಂದು ಕೇಳಿದ್ದರೆ ಆ ಬೆನ್ನು ನೆಟ್ಟಗೆ ಉಳಿಯುತ್ತಿತ್ತು.

ಕಾವೇರಿ ಮಡಿಲು (ಮೈಸೂರು)

ನಾನು ಮೊದಲು ಬರೆದದ್ದು ಅವಸರದ್ದು. ನನಗೆ ಗುಣವಾಯಿತು ಎಂಬುದು ನಿಜ, ಆದರೆ ಅಕ್ಕನಿಗೆ ಇರುವುದು ನನಗಿದ್ದ ನೋವಲ್ಲ. ಒಂದು ಸಂದೇಹ: ಇಲ್ಲಿ ಬೋರ್ಡ್ ಹಾಕಿಕೊಂಡವರಲ್ಲಿ ಯಾರು ಓದಿದವರು ಎಂದು ತಿಳಿಯುವುದು ಹೇಗೆ?

ದೂರದ ಮಳೆ (ಮೆಲ್ಬರ್ನ್)

ಕಷ್ಟ. ಬ್ರಿಟನ್ನಿನಲ್ಲಿ 1994ರ ಕಾಯ್ದೆ ಇದೆ, ಆಸ್ಟ್ರೇಲಿಯಾದಲ್ಲಿ ರಾಷ್ಟ್ರೀಯ ನೋಂದಣಿ ಇದೆ. ನನ್ನ ಹೆಸರನ್ನು ಯಾರು ಬೇಕಾದರೂ ಹುಡುಕಿ ನೋಡಬಹುದು, ನನ್ನ ಮೇಲೆ ದೂರು ಕೊಡಬಹುದು. ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆ ಅಂಥ ಪ್ರತ್ಯೇಕ ಮಂಡಳಿ ಇಲ್ಲ. ಹೊರದೇಶದ ವಿಶ್ವವಿದ್ಯಾಲಯದಲ್ಲಿ ಓದಿದವರೂ ವಾರದ ತರಬೇತಿ ಪಡೆದವರೂ ಒಂದೇ ಹೆಸರಿನ ಕೆಳಗೆ ಕೂರುತ್ತಾರೆ. ಆದ್ದರಿಂದ ಎಲ್ಲಿ ಓದಿದಿರಿ, ಎಷ್ಟು ವರ್ಷ ಎಂದು ನೇರವಾಗಿ ಕೇಳಿ. ಸರಿಯಾಗಿ ಓದಿದವರು ಬೇಸರಪಡುವುದಿಲ್ಲ.

ತುಂಗಾತೀರ (ಶಿವಮೊಗ್ಗ)

ಹನ್ನೊಂದು ವಾರಗಳ ನಂತರ ಬರೆಯುತ್ತಿದ್ದೇನೆ. ಮೂಳೆ ವೈದ್ಯರ ಬಳಿ ಮರಳಿ ಹೋಗಿ ಹಿಮ್ಮಡಿಯ ಸಂಗತಿ ಹೇಳಿದೆ. ಅವರು ಸುತ್ತಿಗೆ ಹಿಡಿದು ನೋಡಿದರು, ಬಲಗಾಲಿನ ಹಿಮ್ಮಡಿಯ ಪ್ರತಿವರ್ತನೆ, ಅಂದರೆ ತಟ್ಟಿದಾಗ ಪಾದ ತಾನಾಗಿ ಅಲುಗುವುದು, ಇರಲಿಲ್ಲ. ಎರಡು ವಾರ ಕಾಯೋಣ, ಬಲ ಇನ್ನೂ ಕುಂದಿದರೆ ಶಸ್ತ್ರಚಿಕಿತ್ಸೆ ಎಂದರು. ಊರಿನಲ್ಲೇ ಒಬ್ಬ ಫಿಸಿಯೋಥೆರಪಿಸ್ಟ್ ಸಿಕ್ಕರು. ಬೋರಲು ಮಲಗಿ ಮೊಣಕೈ ಊರಿ ಏಳುವ ಭಂಗಿಯಲ್ಲಿ ನನ್ನ ನೋವು ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ ಸರಿಯಿತು. ಬೆಳಿಗ್ಗೆ ಮತ್ತು ಸಂಜೆ ನಡಿಗೆ, ಮೊದಲು ಐದು ನಿಮಿಷ, ಈಗ ನಲವತ್ತು. ತುದಿಗಾಲಿನ ಲೆಕ್ಕವನ್ನು ಪಂಚಾಂಗದ ಅಂಚಿನಲ್ಲಿ ಬರೆಯುತ್ತಾ ಬಂದೆ: 3, 3, 4, 6, 6, 9. ಹೋದ ಭಾನುವಾರ ಹತ್ತು ಆಯಿತು, ಅಡುಗೆಮನೆಯಲ್ಲಿ ಒಬ್ಬಳೇ ಅತ್ತುಬಿಟ್ಟೆ.

ಕಿರುಬೆರಳಿನ ಜೋಮು ಇನ್ನೂ ಇದೆ. ಸೊಂಟದಲ್ಲಿ ಬಿಗಿತ ಉಳಿದಿರುವುದರಿಂದ ಈಗ ಕೈಚಿಕಿತ್ಸೆ ಮಾಡಿಸಿಕೊಳ್ಳಬಹುದೇ? ಆ ಕೇಂದ್ರದಲ್ಲಿ ಅಲ್ಲ.

ಕೀಲುಬಂಧ (ಹುಬ್ಬಳ್ಳಿ)

ಓದಿ ಕಣ್ಣು ತುಂಬಿತು, ಮೇಡಂ. ಬಲ ಮರಳಿದೆ, ಅದು ಮೊದಲನೆಯದು. ಜೋಮು ಹೋಗಲು ತಿಂಗಳುಗಳು ಬೇಕಾಗಬಹುದು, ಪ್ರತಿವರ್ತನೆ ಮರಳದೆಯೇ ಉಳಿದರೂ ನಡಿಗೆಗೆ ಅಡ್ಡಿಯಿಲ್ಲ. ಬಿಗಿತಕ್ಕೆ ನಿಮ್ಮ ಫಿಸಿಯೋಥೆರಪಿಸ್ಟ್ ಕೈಯಲ್ಲೇ ಮೃದುವಾದ ಕೈಚಿಕಿತ್ಸೆ ನಾಲ್ಕು ಸಲ ನೋಡಿ, ವ್ಯಾಯಾಮ ಬಿಡದೆ. ಕಾಲಿಗೆ ನೋವು ಮತ್ತೆ ಇಳಿದರೆ ಅಂದೇ ನಿಲ್ಲಿಸಿ.

ನೇತ್ರಾವತಿ ಮಗಳು (ಬಂಟ್ವಾಳ)

ವೈದ್ಯೆಯವರೇ, ಅಮ್ಮನಿಗೆ ಥೈರಾಯ್ಡ್ ಕೊರತೆ ಇದೆಯೆಂದು ತಿಳಿಯಿತು, ಮಾತ್ರೆ ಶುರುವಾಗಿದೆ. ಮಣಿಕಟ್ಟಿಗೆ ಪಟ್ಟಿ ಕಟ್ಟಿ ಮಲಗುತ್ತಾರೆ. ನಿನ್ನೆ ರಾತ್ರಿ ಒಮ್ಮೆಯೂ ಏಳಲಿಲ್ಲ.